ಪಟ್ಟದ ಯುದ್ಧ ಬರೆಯುವ ಮುಂಚೆ ಬಾವಿ ಯಾರದು ಅಂತ ಕೇಳಿ

ಇಲ್ಲದ ನಾಡೊಂದನ್ನು ಕಟ್ಟಿ, ಅದರ ಪಟ್ಟಕ್ಕಾಗಿ ನಡೆಯುವ ಯುದ್ಧದ ಕಥೆ ಬರೆಯಬೇಕು ಅಂದುಕೊಂಡಿದ್ದೀರಾ? ಕೋಟೆ, ನಕ್ಷೆ, ಕತ್ತಿಯ ಹೆಸರು ಎಲ್ಲ ಆಮೇಲೆ. ಮೊದಲು ಒಂದೇ ಸಾಲು ಬರೆಯಿರಿ: ದೊರೆ ಸತ್ತರೆ ಮುಂದೆ ಯಾರು? ಆ ಸಾಲನ್ನು ಇಬ್ಬರು ಎರಡು ರೀತಿ ಓದುವಂತಿರಬೇಕು. ಇಬ್ಬರೂ ಮನಸ್ಸಿಟ್ಟೇ ನಂಬಿರಬೇಕು.

ನಮ್ಮೂರು ಬಾದಾಮಿ ಹತ್ತಿರ. ದೊಡ್ಡಪ್ಪ ತೀರಿಕೊಂಡಾಗ ಅವರ ಮಗನಿಗೆ ಆರು ವರ್ಷ. ಹೊಲ ಹಿಡಿದದ್ದು ಕಾಕಾ. ಹದಿನಾಲ್ಕು ವರ್ಷ ಬಿತ್ತಿದರು, ಸಾಲ ತೀರಿಸಿದರು, ಬಾವಿ ತೋಡಿಸಿದರು. ಅಣ್ಣ ದೊಡ್ಡವನಾಗಿ ಪಾಲು ಕೇಳಿದ ದಿನ ಕಾಕಾ ಅಂದದ್ದು ಇಷ್ಟೇ: "ಹೊಲ ನಿಮ್ಮಪ್ಪಂದು, ಖರೆ. ಬಾವಿ ಯಾರ್ದು?" ಅದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರ ಇಲ್ಲ. ನಿಮ್ಮ ಯುದ್ಧಕ್ಕೂ ಇಂಥದೊಂದು ಬಾವಿ ಬೇಕು.

ಬಾದಾಮಿಯ ಅರಮನೆಯಲ್ಲೂ ನಡೆದದ್ದು ಇದೇ ಅಲ್ವಾ? ಚಾಲುಕ್ಯ ದೊರೆ ಕೀರ್ತಿವರ್ಮ ಸತ್ತಾಗ ಮಗ ಇಮ್ಮಡಿ ಪುಲಕೇಶಿ ಚಿಕ್ಕವನು. ಕೀರ್ತಿವರ್ಮನ ತಮ್ಮ ಮಂಗಳೇಶ ಪಟ್ಟ ಏರಿದ. ಆಮೇಲೆ ಅದನ್ನು ತನ್ನ ಮಗನಿಗೇ ಕೊಡಲು ಹೊರಟ. ಸುಮಾರು 610ರ ಹೊತ್ತಿಗೆ ಪುಲಕೇಶಿಯ ಜೊತೆ ಯುದ್ಧವಾಗಿ ಸತ್ತ. ಇಷ್ಟೇ ಕೇಳಿದರೆ ಅವನು ಬರೀ ಕೆಟ್ಟವನು. ಆದರೆ ಬಾದಾಮಿಯ ಮೂರನೆಯ ಗುಹೆಗೆ ಹೋಗಿ. ಅದನ್ನು ಕೊರೆಸಿದವನು ಇದೇ ಮಂಗಳೇಶ. ಆ ಪುಣ್ಯ ಅಣ್ಣನಿಗೆ ಸೇರಲಿ ಅಂತ 578ರ ಶಾಸನದಲ್ಲಿ ಬರೆಸಿದ್ದಾನೆ. ಅಣ್ಣನನ್ನು ಅಷ್ಟು ಪ್ರೀತಿಸಿದವನು ಅಣ್ಣನ ಮಗನಿಗೆ ಯಾಕೆ ಅಡ್ಡ ನಿಂತ? ನಿಮ್ಮ ಖಳನಿಗೂ ಇಂಥ ಒಂದು ಗುಹೆ ಕೊರೆಸಿ ಕೊಡಿ. ಆಮೇಲೇ ಕತ್ತಿ ಕೊಡಿ.

ಆದರೆ ಮಂತ್ರದಿಂದ ತೀರ್ಪು ಹೇಳಿಸಬೇಡಿ. ನಾನು ಕಥೆಗೆ ಕಟ್ಟಿದ ನಾಡಿನಲ್ಲಿ ದೊರೆ ಸತ್ತ ದಿನ ಕೆರೆ ಕಪ್ಪಾಗುತ್ತದೆ. ರಾಜವಂಶದವರು ಕೈ ಇಟ್ಟರೆ ತಿಳಿಯಾಗುತ್ತದೆ. ಕಾಕಾ ಕೈ ಇಟ್ಟ, ತಿಳಿಯಾಯಿತು. ಹುಡುಗ ಇಟ್ಟ, ಆಗಲೂ ತಿಳಿಯಾಯಿತು. ಕೆರೆ ಒಬ್ಬನ ಹೆಸರು ಹೇಳಿಬಿಟ್ಟಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

ಸೈನ್ಯ ಎಷ್ಟು ಲಕ್ಷ ಅಂತ ಸುಮ್ನೆ ಬರೆಯಬೇಡಿ. ಅವರು ಏನು ತಿನ್ನುತ್ತಾರೆ ಅಂತ ಬರೆಯಿರಿ. ನಮ್ಮ ಕಡೆ ಬಿಳಿಜೋಳ ಬಿತ್ತುವುದು ಹಿಂಗಾರಿಗೆ, ರಾಶಿ ಮಾಡುವುದು ಬೇಸಿಗೆ ಶುರುವಾಗುವಾಗ. ತೆನೆ ಒಣಗುವಾಗ ಈಟಿ ಹಿಡಿದವನಿಗೆ ಊರು ನೆನಪಾಗದೇ ಇರುತ್ತದಾ? ಎರಡೂ ಕಡೆಯ ಪಾಳೆಯ ಆ ತಿಂಗಳು ಅರ್ಧ ಖಾಲಿಯಾಗಲಿ. ಯುದ್ಧದ ದೊಡ್ಡ ತಿರುವನ್ನು ಅಲ್ಲಿಡಿ.

ನೆರೆಯವರನ್ನೂ ಮರೆಯಬೇಡಿ. ಮನೆಯೊಳಗೆ ಜಗಳ ಅಂತ ಗೊತ್ತಾದರೆ ಹೊರಗಿನವರು ಬಂದೇ ಬರುತ್ತಾರೆ. ಪುಲಕೇಶಿ ಪಟ್ಟ ಗೆಲ್ಲುತ್ತಿದ್ದಂತೆ ಅಪ್ಪಾಯಿಕ ಮತ್ತು ಗೋವಿಂದ ಅನ್ನುವ ಇಬ್ಬರು ಆನೆ ಪಡೆ ಕಟ್ಟಿಕೊಂಡು ಭೀಮಾ ತೀರಕ್ಕೆ ಬಂದಿದ್ದರು.

ಕೊನೆಗೆ ಗೆದ್ದವನ ಶಾಸನ ಬರೆಯಿರಿ, ಹತ್ತು ಸಾಲು ಸಾಕು. ಐಹೊಳೆಯ ಮೇಗುಟಿ ಬಸದಿಯಲ್ಲಿ 634ರದ್ದು ಇದೆ, ಒಮ್ಮೆ ನೋಡಿ ಬನ್ನಿ. ಅದನ್ನು ಬರೆದ ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಮಗನಿಗೆ ರಾಜ್ಯ ಕೊಡುವ ಯತ್ನದ ಜೊತೆಗೆ ಮಂಗಳೇಶ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ ಅನ್ನುತ್ತಾನೆ. ಆ ಮಗನ ಹೆಸರು ಮಾತ್ರ ಅಲ್ಲಿಲ್ಲ. ನಿಮ್ಮ ಶಾಸನದಲ್ಲೂ ಒಂದು ಹೆಸರು ಬಿಟ್ಟುಬಿಡಿ. ಆಮೇಲೆ ಆ ಹುಡುಗನಿಂದಲೇ ಮೊದಲ ಅಧ್ಯಾಯ ಶುರು ಮಾಡಿ.