ಬ್ರಾಯ್ಲರ್ ಕೋಳಿಯನ್ನು ಆರೋಗ್ಯವಾಗಿ ಸಾಕುವುದು ಹೇಗೆ?

ಹೊಟ್ಟೆ ತುಂಬಾ ಮೇವು ಹಾಕಿದರೆ ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಎರಡು, ಎರಡೂವರೆ ಕಿಲೋ ತೂಗುತ್ತದೆ. ಮಾಂಸ ತುಂಬಿಕೊಳ್ಳುವ ವೇಗಕ್ಕೆ ಹೃದಯ, ಶ್ವಾಸಕೋಶ, ಕಾಲುಗಳು ಬಲಿಯುವುದಿಲ್ಲ. ಸಾಕು ಎನ್ನುವುದೂ ಇದಕ್ಕೆ ತಿಳಿಯದು, ಇಟ್ಟಷ್ಟನ್ನೂ ತಿನ್ನುತ್ತದೆ. ಹಾಗೆಂದು ಮಾಂಸಕ್ಕಲ್ಲದೆ ಮನೆಯಲ್ಲಿ ಸಾಕಿದರೆ ಈ ಕೋಳಿ ಹೆಚ್ಚು ಕಾಲ ಬದುಕುವುದೇ ಇಲ್ಲ ಎನ್ನುವುದು ತಪ್ಪು. ಬ್ರಾಯ್ಲರ್ ಮರಿಗಳ ತಾಯಿಕೋಳಿಗಳನ್ನು ಫಾರಂಗಳಲ್ಲಿ ಅರವತ್ತು ವಾರ ದಾಟುವವರೆಗೂ ಸಾಕುತ್ತಾರೆ. ಅಲ್ಲಿ ಮೇವನ್ನು ದಿನವೂ ತೂಗಿಯೇ ಹಾಕುತ್ತಾರೆ. ನೀವೂ ಮೊದಲು ಒಂದು ತಕ್ಕಡಿ ತನ್ನಿ, ಉಳಿದದ್ದೆಲ್ಲ ಆಮೇಲೆ.

ಮರಿಯಿಂದಲೇ ಸಾಕುವುದಾದರೆ ಮೊದಲ ವಾರ ಬೇಕಾದಷ್ಟು ತಿನ್ನಲಿ. ಎರಡನೇ ವಾರದಿಂದ ಅಳತೆ ಶುರು ಮಾಡಿ. ಬೇಗ ತೂಕ ಬರಿಸುವ ಬ್ರಾಯ್ಲರ್ ಸ್ಟಾರ್ಟರ್ ಮೇವು ಬೇಡ, ಮೊಟ್ಟೆಕೋಳಿ ಮರಿಗಳಿಗೆ ಹಾಕುವ ಚಿಕ್ ಮ್ಯಾಶ್ ಸಾಕು. ಎಂಟನೇ ವಾರದ ಹೊತ್ತಿಗೆ ಶೇ. 15–16 ಪ್ರೋಟೀನ್ ಇರುವ, ಬೆಳೆಯುವ ಕೋಳಿಗಳ ಗ್ರೋವರ್ ಮ್ಯಾಶ್‌ಗೆ ಬದಲಿಸಿ. ಉಂಡೆಮೇವಿಗಿಂತ ಪುಡಿಮೇವೇ ಒಳ್ಳೆಯದು, ತಿನ್ನಲು ಹೊತ್ತು ಹಿಡಿಯುತ್ತದೆ. ಹೆಣ್ಣು ಕೋಳಿಗೆ ದಿನಕ್ಕೆ ನಾಲ್ಕನೇ ವಾರ ಸುಮಾರು 40 ಗ್ರಾಂ, ಎಂಟಕ್ಕೆ 50, ಹನ್ನೆರಡಕ್ಕೆ 60, ಇಪ್ಪತ್ತಕ್ಕೆ 100 ಗ್ರಾಂ. ಹುಂಜಕ್ಕೆ ಸುಮಾರು ಕಾಲುಭಾಗ ಹೆಚ್ಚು. ಈ ಲೆಕ್ಕದಲ್ಲಿ ನಾಲ್ಕು ವಾರದ ಹೆಣ್ಣು ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ, ಇಪ್ಪತ್ತು ವಾರದ್ದು ಎರಡೂಕಾಲು ಕಿಲೋ ಆಸುಪಾಸು ಇರಬೇಕು. ವಾರಕ್ಕೊಮ್ಮೆ, ಬೆಳಿಗ್ಗೆ ಮೇವು ಹಾಕುವ ಮುಂಚೆ ತೂಗಿ ಬರೆದಿಡಿ. ತೂಕ ನೋಡಿಕೊಂಡು ಐದೈದು ಗ್ರಾಂ ಹೆಚ್ಚುಕಡಿಮೆ ಮಾಡಿ.

ಆಗಲೇ ಎರಡು ಕಿಲೋ ದಾಟಿದ ಕೋಳಿಯನ್ನು ತಂದಿದ್ದರೆ ಮೇವನ್ನು ಒಮ್ಮೆಲೇ ಇಳಿಸಬೇಡಿ. ಎರಡು ಮೂರು ದಿನಕ್ಕೊಮ್ಮೆ ಹತ್ತು ಗ್ರಾಂನಂತೆ ಕಡಿಮೆ ಮಾಡುತ್ತಾ 90–100 ಗ್ರಾಂಗೆ ತನ್ನಿ. ಇಲ್ಲಿ ಕೋಳಿಯನ್ನು ಸಣ್ಣಗೆ ಮಾಡಬೇಕಿಲ್ಲ, ತೂಕ ಏರುವುದು ನಿಧಾನವಾದರೆ ಸಾಕು. ಎದೆ ಮುಟ್ಟಿ ಅಂದಾಜು ಮಾಡುವ ರೂಢಿ ಈ ತಳಿಯಲ್ಲಿ ದಾರಿ ತಪ್ಪಿಸುತ್ತದೆ. ಎದೆಮೂಳೆಯ ಎರಡೂ ಪಕ್ಕ ಮಾಂಸ ಯಾವಾಗಲೂ ದಪ್ಪಗಿರುತ್ತದೆ. ಮೂಳೆ ಚೂಪಾಗಿ ಕೈಗೆ ಸಿಕ್ಕಿತೆಂದರೆ ಕೋಳಿ ತೀರಾ ಸೊರಗಿದೆ ಎಂದೇ ಅರ್ಥ.

ಅಳತೆಯ ಮೇವು ತಿನ್ನುವ ಕೋಳಿಗೆ ಹಸಿವು ಇದ್ದೇ ಇರುತ್ತದೆ. ಅದನ್ನು ಕಡೆಗಣಿಸುವುದು ನ್ಯಾಯವಲ್ಲ. ದಿನದ ಪಾಲನ್ನು ಎರಡು ಮೂರು ಹೊತ್ತಿಗೆ ಹಂಚಿ. ಒಂದು ಹೊತ್ತಿನದನ್ನು ಒಣಹುಲ್ಲಿನಲ್ಲಿ ಚೆಲ್ಲಿಬಿಟ್ಟರೆ ಕೆದಕಿ ಹೆಕ್ಕುತ್ತಾ ಅರ್ಧ ಗಂಟೆ ಕಳೆಯುತ್ತದೆ, ಕಾಲಿಗೂ ಕೆಲಸ ಸಿಗುತ್ತದೆ. ಎಲೆಕೋಸು, ಸೌತೆ, ಸೊಪ್ಪನ್ನು ಕೊಕ್ಕಿನ ಎತ್ತರಕ್ಕೆ ಕಟ್ಟಿ. ಜೋಳ, ಅನ್ನ, ಬ್ರೆಡ್ಡು ಬೇಡ. ಹಲವು ಕೋಳಿಗಳಿದ್ದರೆ ಒಂದೊಂದಕ್ಕೂ 15 ಸೆಂ.ಮೀ. ಜಾಗ ಸಿಗುವಷ್ಟು ಉದ್ದದ ಮೇವಿನ ತೊಟ್ಟಿ ಇಡಿ. ಇಲ್ಲದಿದ್ದರೆ ಜೋರಿನದು ಎರಡು ಪಾಲು ತಿನ್ನುತ್ತದೆ, ಬಡಪಾಯಿ ಖಾಲಿ ಹೊಟ್ಟೆಯಲ್ಲಿ ಉಳಿಯುತ್ತದೆ. ನೀರಿಗೆ ಮಾತ್ರ ಅಳತೆಯಿಲ್ಲ.

ಮೊಟ್ಟೆ ಇಡಲು ಶುರು ಮಾಡಿದ ಮೇಲಷ್ಟೇ ಲೇಯರ್ ಮೇವು ಹಾಕಿ, ಅಳತೆಯನ್ನು ನಿಧಾನವಾಗಿ 140–150 ಗ್ರಾಂವರೆಗೆ ಏರಿಸಿ. ಮೊಟ್ಟೆಯಿಡದ ಕೋಳಿಗೆ, ಹುಂಜಕ್ಕೆ ಅದರಲ್ಲಿರುವ ಸುಣ್ಣದಂಶ ಮೂತ್ರಪಿಂಡ ಕೆಡಿಸುತ್ತದೆ.

ಗೂಡಿನಲ್ಲಿ ಎತ್ತರದ ಅಡ್ಡಕೋಲು ಇರಬಾರದು. ಭಾರದ ಕೋಳಿ ಅಲ್ಲಿಂದ ಧುಮುಕಿದರೆ ಕೀಲು ಉಳುಕುತ್ತದೆ, ಪಾದದಲ್ಲಿ ಗಾಯವಾಗುತ್ತದೆ. ನೆಲದಿಂದ 15–20 ಸೆಂ.ಮೀ. ಎತ್ತರದ ಅಗಲ ಹಲಗೆ ಸಾಕು. ಮೊಟ್ಟೆ ಇಡುವ ಪೆಟ್ಟಿಗೆ ನೆಲದಲ್ಲೇ ಇರಲಿ. ನೆಲಕ್ಕೆ ಹತ್ತು ಸೆಂ.ಮೀ. ದಪ್ಪ ಮರದ ಹೊಟ್ಟು ಹಾಸಿ, ಒದ್ದೆಯಾದ ಕಡೆ ಅಂದೇ ತೆಗೆದು ಬದಲಿಸಿ. ಈ ಕೋಳಿ ಹೆಚ್ಚು ಹೊತ್ತು ಕೂತೇ ಇರುವುದರಿಂದ ಹಸಿ ಹಿಕ್ಕೆ ಎದೆಯ ಚರ್ಮವನ್ನು ಸುಡುತ್ತದೆ, ಬೊಕ್ಕೆ ಏಳುತ್ತದೆ. ನೀರು ಒಂದು ತುದಿಗೆ, ಮೇವು ಇನ್ನೊಂದು ತುದಿಗೆ ಇಟ್ಟರೆ ದಿನಕ್ಕೆ ಹತ್ತಾರು ಸಲ ನಡೆದೇ ನಡೆಯುತ್ತದೆ.

ವಾರದ ತೂಕದ ಹೊತ್ತಿಗೇ ಕೋಳಿಯನ್ನು ಮಗುಚಿ ಪಾದ ನೋಡಿ. ಅಂಗಾಲಿನಲ್ಲಿ ಕಪ್ಪು ಹಕ್ಕಳೆ, ಸುತ್ತ ಊತ, ಬಿಸಿ ಕಂಡರೆ ಕೀವು ಕಟ್ಟುತ್ತಿದೆ ಎಂದು ತಿಳಿಯಿರಿ. ಶುರುವಿನಲ್ಲೇ ಇದ್ದರೆ ಎಪ್ಸಮ್ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒರೆಸಿ, ಮೆತ್ತನೆಯ ಪಟ್ಟಿ ಕಟ್ಟಿ. ಗಟ್ಟಿಯಾದ ಗಂಟನ್ನು ಮನೆಯಲ್ಲಿ ಕೊಯ್ಯಲು ಹೋಗಬೇಡಿ. ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಮೆತ್ತಿದ್ದರೆ ತೊಳೆದು ಒಣಗಿಸಿ. ಕೋಳಿಗೆ ಅಷ್ಟು ದೂರ ಕೊಕ್ಕು ಎಟಕುವುದಿಲ್ಲ, ಸೆಕೆಗಾಲದಲ್ಲಿ ನೊಣ ಅಲ್ಲಿ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲೇ ಹುಳ ಬೀಳುತ್ತದೆ.

ಜುಟ್ಟು ನೀಲಿಗಟ್ಟುವುದು, ಕೂತಲ್ಲೇ ಏದುಸಿರು ಬಿಡುವುದು, ಹೊಟ್ಟೆ ನೀರು ತುಂಬಿದ ಬಲೂನಿನಂತೆ ತುಳುಕುವುದು ಹೃದಯ ಸೋಲುತ್ತಿರುವ ಲಕ್ಷಣಗಳು. ಪಶುವೈದ್ಯರು ನೀರು ತೆಗೆದು, ಔಷಧ ಕೊಟ್ಟು ಉಸಿರಾಟ ಸಲೀಸು ಮಾಡಬಹುದು. ಆದರೆ ಅದು ವಾಸಿಯಾಗುವ ಕಾಯಿಲೆಯಲ್ಲ. ಕೋಳಿ ಎದ್ದು ನಿಲ್ಲದೆ, ಮೇವಿನ ಸದ್ದಿಗೂ ತಲೆ ಎತ್ತದ ಸ್ಥಿತಿಗೆ ಬಂದರೆ ನೋವಿಲ್ಲದ ಸಾವಿನ ಬಗ್ಗೆ ವೈದ್ಯರೊಂದಿಗೆ ಮಾತಾಡಿ.

ಬಿಸಿಲು 30 ಡಿಗ್ರಿ ದಾಟುವ ದಿನ ಮೇವನ್ನು ಬೆಳಗಿನ ಜಾವ ಮತ್ತು ಸಂಜೆಗೆ ಹಾಕಿ, ಯಾಕೆಂದರೆ ಅರಗುವಾಗಲೂ ಮೈ ಕಾಯುತ್ತದೆ. ನೆರಳು, ಫ್ಯಾನು, ಕಾಲು ಅದ್ದಿ ನಿಲ್ಲಲು ತಟ್ಟೆಯಲ್ಲಿ ತೆಳ್ಳಗೆ ನೀರು ಇರಲಿ. ರೆಕ್ಕೆ ಅಗಲಿಸಿ, ಬಾಯಿ ತೆರೆದು ತೇಕುತ್ತಿದ್ದರೆ ಕಾಲು ಮತ್ತು ರೆಕ್ಕೆಯಡಿಯನ್ನು ತಣ್ಣೀರಿನಿಂದ ನೆನೆಸಿ ಗಾಳಿಗೆ ಕೂರಿಸಿ. ಮಂಜುಗಡ್ಡೆ ನೀರು ಬೇಡ. ಆ ಹೊತ್ತಿನಲ್ಲಿ ಅಟ್ಟಿಸಿಕೊಂಡು ಹಿಡಿಯಲೂ ಬೇಡಿ, ಅಷ್ಟು ಓಟಕ್ಕೇ ಹೃದಯ ನಿಂತುಹೋಗಬಹುದು.