ರೆಕ್ಕೆ ಆಮೇಲೆ, ಮೊದಲು ಬೆನ್ನು ನೋಡಿ

ಬೆಂಗಳೂರಿನ ಅವೆನ್ಯೂ ರಸ್ತೆ ಕಡೆಯ ಭಾನುವಾರದ ಸಂತೆ. ಟಾರ್ಪಾಲಿನ ಮೇಲೆ ಹಳೆ ಬೀಗ, ನಿಂತುಹೋದ ಗಡಿಯಾರ, ತುಕ್ಕು ಹಿಡಿದ ಸ್ಪ್ಯಾನರ್. ಅವುಗಳ ನಡುವೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆ ಬ್ಯಾಡ್ಜ್. ಎರಡು ರೆಕ್ಕೆ, ನಡುವೆ ನೆಟ್ಟಗೆ ನಿಂತ ಪ್ರೊಪೆಲರ್. ‘ಮಿಲಿಟರಿದು ಸಾರ್, ವರ್ಲ್ಡ್ ವಾರ್ ಟೈಮಿಂದು’ ಅಂದ ಮಾರುವವನು. ನಾನು ಗರಿ ನೋಡಿ ಮರುಳಾಗಿ 1,500 ರೂಪಾಯಿ ಕೊಟ್ಟೆ. ಮನೆಗೆ ಬಂದು ತಿರುಗಿಸಿದರೆ ಬೆನ್ನ ತುಂಬಾ ಸೂಜಿಮೊನೆಯಷ್ಟು ತೂತುಗಳು. ಇತ್ತೀಚೆಗೆ ಹೊಯ್ದ ಎರಕದ ನಕಲು!

ಆಮೇಲೆ ಇದೇ ತಪ್ಪನ್ನು ಎಷ್ಟೋ ಜನ ಮಾಡುವುದನ್ನು ನೋಡಿದ್ದೇನೆ. ಎಲ್ಲರೂ ಮುಖ ನೋಡಿ ಕೊಳ್ಳುತ್ತಾರೆ. ಅದಕ್ಕೇ, ಹಳೆ ಸೇನಾ ಬ್ಯಾಡ್ಜ್ ಕೂಡಿಹಾಕಲು ಹೊರಟವರಿಗೆ ಈ ಲೇಖನ.

ಈ ರೆಕ್ಕೆ–ಪ್ರೊಪೆಲರ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ವಾಯುಪಡೆಯವರ ಕಾಲರ್ ಲಾಂಛನ. ಅದಕ್ಕೂ ಬೆಂಗಳೂರಿಗೂ ನಂಟಿದೆ. 1940ರ ಡಿಸೆಂಬರಿನಲ್ಲಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇವತ್ತಿನ ಎಚ್‌ಎಎಲ್) ಶುರುವಾಯಿತಲ್ಲ, 1943ರಲ್ಲಿ ಅದರ ಆಡಳಿತ ಅಮೆರಿಕನ್ನರ ಕೈಗೆ ಹೋಯಿತು. ಯುದ್ಧ ಮುಗಿಯುವವರೆಗೂ ಡಕೋಟಾ, ಕ್ಯಾಟಲಿನಾ ವಿಮಾನಗಳು ಇಲ್ಲಿ ರಿಪೇರಿಯಾದವು. ಅಂದರೆ ಇಂಥ ಕಾಲರ್‌ಗಳು ನಮ್ಮ ಊರಿನಲ್ಲೇ ಓಡಾಡಿವೆ. ಹಾಗಂತ ಸಂತೆಯಲ್ಲಿ ಸಿಕ್ಕಿದ್ದೆಲ್ಲ ಅಲ್ಲಿಂದಲೇ ಬಂದದ್ದು ಅಂತ ಕಥೆ ಕಟ್ಟಿಕೊಳ್ಳಬೇಡಿ. ಮಾರುವವರು ಕಟ್ಟಿದ ಕಥೆಗೂ ದುಡ್ಡು ಕೇಳುತ್ತಾರೆ.

ಹಂತ 1: ಒಂದನ್ನೇ ಹಿಡಿಯಿರಿ

ಹೊಸಬರಿಗೆ ಜರ್ಮನ್ ವಾಯುಪಡೆಯಾದ ಲುಫ್ಟ್‌ವಾಫೆಯ ಬಟ್ಟೆಯ ಕಾಲರ್ ಪಟ್ಟಿಗಳ ಮೇಲೆ ಕಣ್ಣು. ನೋಡಲು ಚಂದ, ಒಪ್ಪುತ್ತೇನೆ. ಹಾರಾಟದವರಿಗೆ ಬಂಗಾರದ ಹಳದಿ, ವಿಮಾನ ಹೊಡೆಯುವ ಫಿರಂಗಿಯವರಿಗೆ ಕೆಂಪು, ಸಂಪರ್ಕ ದಳಕ್ಕೆ ಕಂದು. ಮೇಲಿನ ರೆಕ್ಕೆಗಳನ್ನು ಎಣಿಸಿ ದರ್ಜೆ ಹೇಳಬಹುದು. ಆದರೆ ನಕಲು ವಿಪರೀತ. ಎರಡು ವರ್ಷ ಅದರ ಕಡೆ ತಲೆ ಹಾಕಬೇಡಿ. ಲೋಹದಿಂದ ಶುರು ಮಾಡಿ. ಬಟ್ಟೆಗಿಂತ ಲೋಹ ಸುಳ್ಳು ಹೇಳುವುದು ಕಡಿಮೆ.

ಹಂತ 2: ಸಾಮಾನು

ಅಕ್ಕಸಾಲಿಗರು ಬಳಸುವ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸೂಕ್ಷ್ಮ ಅಳತೆಗೆ ವರ್ನಿಯರ್ ಕ್ಯಾಲಿಪರ್, ಒಂದು ಪುಟ್ಟ ಟಾರ್ಚ್. ಇಷ್ಟು ಸಾಕು. ಆನ್‌ಲೈನಿನಲ್ಲಿ 60 ಪಟ್ಟು ಅಂತ ಬರೆದು, ಲೈಟ್ ಕೂಡಿಸಿ ಅಗ್ಗಕ್ಕೆ ಮಾರುವ ಪ್ಲಾಸ್ಟಿಕ್ ಭೂತಗನ್ನಡಿ ಬೇಡ. ಅದರಲ್ಲಿ ಅಸಲಿಯೂ ಮಸುಕು, ನಕಲಿಯೂ ಮಸುಕು.

ಹಂತ 3: ಯಾರ ಕಾಲರ್?

ಗುಂಡನೆಯ ಬಿಲ್ಲೆಯ ಮೇಲೆ ಕೂತಿದ್ದರೆ ಸಿಪಾಯಿಯದು. ಬಿಲ್ಲೆಯಿಲ್ಲದೆ ಬರೀ ರೆಕ್ಕೆ–ಪ್ರೊಪೆಲರ್ ಇದ್ದರೆ ಅಧಿಕಾರಿಯದು. ಅಧಿಕಾರಿಯದರಲ್ಲಿ ರೆಕ್ಕೆ ಬಂಗಾರದ ಬಣ್ಣ, ಪ್ರೊಪೆಲರ್ ಬೆಳ್ಳಿಯ ಬಣ್ಣ. ಸಿಪಾಯಿಯ ಕೋಟಿನಲ್ಲಿ ಬಲಗಡೆ ‘ಯು.ಎಸ್.’ ಅಕ್ಷರದ ಬಿಲ್ಲೆ, ಎಡಗಡೆ ಪ್ರೊಪೆಲರ್ ಬಿಲ್ಲೆ. ಹಾಗಾಗಿ ಎರಡು ಪ್ರೊಪೆಲರ್ ಬಿಲ್ಲೆ ಕೊಟ್ಟು ‘ಜೋಡಿ ಸಾರ್’ ಅಂದರೆ ನಕ್ಕು ಒಂದರ ದುಡ್ಡು ಕೊಡಿ. ಬಲ, ಎಡ ಅಂದರೆ ತೊಟ್ಟವರ ಬಲ, ಎಡ. ಎದುರು ನಿಂತ ನಮ್ಮದಲ್ಲ. ಹಳೆ ಫೋಟೊ ಹಿಡಿದು ಜಗಳವಾಡುವವರು ಮರೆಯುವುದು ಇದನ್ನೇ.

ಹಂತ 4: ಬೆನ್ನು

ಇಲ್ಲಿ ಅವಸರ ಬೇಡ. ಬ್ಯಾಡ್ಜನ್ನು ಅಂಗೈಯಲ್ಲಿ ಬೋರಲು ಹಾಕಿ, ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಬಿಡಿ. ಮೇಲಿನಿಂದ ಬಿಟ್ಟರೆ ಎಲ್ಲವೂ ಬರೀ ಹೊಳೆಯುತ್ತದೆ, ಏನೂ ಕಾಣಿಸುವುದಿಲ್ಲ.

ಮೊದಲು, ಅಚ್ಚು ಒತ್ತಿದ್ದೋ ಎರಕ ಹೊಯ್ದದ್ದೋ ನೋಡಿ. ಯುದ್ಧಕಾಲದ ಕಾರ್ಖಾನೆ ಮಾಲು ಅಚ್ಚಿನಲ್ಲಿ ಒತ್ತಿದ್ದು. ಗರಿಯ ಗೆರೆಗಳು ಬ್ಲೇಡಿನಿಂದ ಎಳೆದ ಹಾಗಿರುತ್ತವೆ. ಅಂಚಿನಲ್ಲಿ ಕತ್ತರಿಸಿದ ಸಣ್ಣ ಗೀರುಗಳು ಕಾಣುತ್ತವೆ. ಎರಕದ್ದರಲ್ಲಿ ಗರಿಗಳು ಅರ್ಧ ಕರಗಿದ ಬೆಲ್ಲದ ಹಾಗೆ. ಗುಳ್ಳೆ ಒಡೆದ ತೂತು ಇರುತ್ತದೆ, ಅಂಚಿನ ಸುತ್ತ ಒಂದು ಗೆರೆ ಓಡಿರುತ್ತದೆ. ಅಸಲಿಯನ್ನೇ ಒತ್ತಿ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ. ಅದಕ್ಕೇ ಕ್ಯಾಲಿಪರ್. ಸಿಪಾಯಿಯ ಬಿಲ್ಲೆ ಒಂದು ಇಂಚು, ಅಂದರೆ 25.4 ಮಿ.ಮೀ. ಕೂದಲೆಳೆ ಆಚೀಚೆ ಆಗಬಹುದು. 24.5 ಬಂದರೆ ಕೆಳಗಿಟ್ಟು ಎದ್ದುಬಿಡಿ.

ಎರಡನೆಯದು, ಬಟ್ಟೆಗೆ ಸಿಕ್ಕಿಸುವ ಬಗೆ. ಹಳೆಯವು ತಿರುಪಿನವು: ನಡುವೆ ಒಂದು ತಿರುಪು, ಅದಕ್ಕೊಂದು ಗುಂಡನೆಯ ನಟ್. ಯುದ್ಧ ಸಾಗುತ್ತಿದ್ದಂತೆ ಎರಡು ಮೊಳೆ, ಅವುಗಳಿಗೆ ಒತ್ತಿ ಕೂರಿಸುವ ಸ್ಪ್ರಿಂಗ್ ಟೋಪಿ ಜಾಸ್ತಿಯಾದವು. ಅಧಿಕಾರಿಗಳದರಲ್ಲಿ ಸೇಫ್ಟಿ ಪಿನ್ ಥರದ್ದೂ ಇವೆ. ಇಡೀ ಬಿಲ್ಲೆ ಕಪ್ಪುಗಂದು ಕಂಚಿನ ಬಣ್ಣದ್ದಾಗಿ ತಿರುಪಿದ್ದರೆ ಅದು ಮೊದಲ ಮಹಾಯುದ್ಧದ ಕಾಲದ್ದಿರಬಹುದು, ಬೇರೆ ಡಬ್ಬಿಗೆ ಹಾಕಿ. ಒಂದು ಮಾತು: ಟೋಪಿ ನೋಡಿ ಕಾಲ ಹೇಳಬೇಡಿ. ‘ಬಲೂ’ ಅಂತ ತಯಾರಕರ ಹೆಸರು ಒತ್ತಿದ ಟೋಪಿ ಇದೆ, ಆದ್ದರಿಂದ ಯುದ್ಧಕಾಲದ್ದು ಅಂತ ವಾದಿಸುವವರಿದ್ದಾರೆ. ಟೋಪಿ ಬಿಚ್ಚಿ ಬರುವ ವಸ್ತು. ಯಾರು ಬೇಕಾದರೂ ಬದಲಾಯಿಸಬಹುದು, ಅಲ್ವಾ? ಮೊಳೆಯ ಬುಡದ ಬೆಸುಗೆ ನೋಡಿ. ಅಚ್ಚುಕಟ್ಟಾಗಿದ್ದು, ಬೆಸುಗೆಗೂ ಹಿತ್ತಾಳೆಗೂ ಒಂದೇ ವಯಸ್ಸಿನ ಕಂದು ಬಂದಿರಬೇಕು. ಹಳೆ ಬೆನ್ನಿನ ಮೇಲೆ ಬೆಳ್ಳಗೆ ಮಿನುಗುವ ಬೆಸುಗೆ ಕಂಡರೆ ನಿನ್ನೆ ಮೊನ್ನೆಯ ಕೈಕೆಲಸ.

ಮೂರನೆಯದು, ಬರಹ. ಆಮ್‌ಕ್ರಾಫ್ಟ್, ನ್ಯೂಯಾರ್ಕಿನ ಎನ್.ಎಸ್. ಮೇಯರ್, ಲಂಡನ್ನಿನ ಜೆ.ಆರ್. ಗಾಂಟ್, ಹೀಗೆ ತಯಾರಕರ ಹೆಸರುಗಳು ಸಿಗುತ್ತವೆ. ‘ಸ್ಟರ್ಲಿಂಗ್’ ಅಂತಿದ್ದರೆ ನೂರಕ್ಕೆ 92.5 ಭಾಗ ಬೆಳ್ಳಿ. ಹೆಸರಿದ್ದ ಮಾತ್ರಕ್ಕೆ ನಂಬಬೇಡಿ, ಎರಕದಲ್ಲಿ ಹೆಸರೂ ನಕಲಾಗುತ್ತದೆ. ಆದರೆ ಅಕ್ಷರದ ಹೊಟ್ಟೆ ತುಂಬಿಕೊಂಡಿರುತ್ತದೆ. ‘ಆರ್’, ‘ಎ’ ಅಕ್ಷರಗಳ ಒಳಗಿನ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ.

ಜಾಸ್ತಿ ಜನ ಬೀಳುವ ಗುಂಡಿ ಮಾತ್ರ ಬೇರೆ. 1947ರಲ್ಲಿ ಅಮೆರಿಕದ ವಾಯುಪಡೆ ಸೇನೆಯಿಂದ ಬೇರೆಯಾದ ಮೇಲೆ ಈ ಲಾಂಛನ ಮೂಲೆ ಸೇರಿತು. 1983ರಲ್ಲಿ ಅವರ ಸೇನೆ ತನ್ನದೇ ವಿಮಾನ ವಿಭಾಗ ಮಾಡಿಕೊಂಡಾಗ ಬಂಗಾರದ ರೆಕ್ಕೆ, ಬೆಳ್ಳಿಯ ಪ್ರೊಪೆಲರ್ ಮತ್ತೆ ಕಾಲರ್ ಏರಿದವು. ರೆಕ್ಕೆಯ ಆಕಾರ ಸ್ವಲ್ಪ ಬೇರೆ, ಆದರೆ ಪಕ್ಕದಲ್ಲಿ ಹಳೆಯದಿಲ್ಲದಿದ್ದರೆ ಗೊತ್ತಾಗುವುದಿಲ್ಲ. ಇವು ನಕಲಿಯೂ ಅಲ್ಲ, ಅಚ್ಚೂ ಚೆನ್ನಾಗಿರುತ್ತದೆ. ಯುದ್ಧದವು ಮಾತ್ರ ಅಲ್ಲ. ಬೆನ್ನಿನ ಮೇಲೆ ಒಂದು ಅಕ್ಷರ, ಒಂದೆರಡು ಅಂಕಿ ಸೇರಿದ ಪುಟ್ಟ ಕೋಡ್ ಇದ್ದರೆ ಅದು ಯುದ್ಧ ಮುಗಿದ ಮೇಲಿನ ಪದ್ಧತಿ. ಅದಕ್ಕೆ ಯುದ್ಧಕಾಲದ ಬೆಲೆ ಕೊಡಬೇಡಿ.

ಇಷ್ಟೆಲ್ಲ ನಿಯಮ ಹೇಳಿ ಈಗ ನಾನೇ ಮುರಿಯಬೇಕು. ಇಂಡಿಯಾ–ಬರ್ಮಾ ಕಡೆ ಇದ್ದ ಅಮೆರಿಕನ್ನರು ಇಲ್ಲಿನ ಬಜಾರಿನಲ್ಲೇ ಬ್ಯಾಡ್ಜ್ ಮಾಡಿಸಿಕೊಂಡರು. ತಗಡು ಕತ್ತರಿಸಿ ಗರಿ ಕೊರೆದದ್ದು, ಮರಳೆರಕದ್ದು, ಜರಿ ಕಸೂತಿಯದ್ದು. ಅಂಕುಡೊಂಕು, ಎಡರೆಕ್ಕೆಗಿಂತ ಬಲರೆಕ್ಕೆ ಉದ್ದ. ಇವು ನನಗೆ ಪ್ರಾಣ. ಆದರೆ ನೂರು ಅಸಲಿ ಕೈಯಲ್ಲಿ ಹಿಡಿಯುವವರೆಗೆ ನೀವು ಮುಟ್ಟಬೇಡಿ. ಜರಿ ಬ್ಯಾಡ್ಜ್ ಮಾಡುವವರು ಇವತ್ತಿಗೂ ಇದ್ದಾರೆ, ಕೈಯೂ ಅಷ್ಟೇ ಚೆನ್ನಾಗಿದೆ. ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟಾಗ ದಾರ ನೀಲಿಬಿಳುಪಾಗಿ ಉರಿದರೆ ಹೊಸದಿರಬಹುದು. ಯಾರೋ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಉರಿಯುತ್ತದೆ. ಉರಿಯದಿದ್ದರೆ ಅಸಲಿ ಅಂತಲೂ ಅಲ್ಲ.

ಹಂತ 5: ತೊಳೆಯಬೇಡಿ

ನನ್ನ ಗೆಳೆಯರೊಬ್ಬರು ಒಳ್ಳೆಯದೊಂದು ಅಧಿಕಾರಿಯ ಜೋಡಿ ತಂದು ಮನೆಯಲ್ಲಿಟ್ಟರು. ಮರುದಿನ ಅವರ ತಾಯಿ ದೇವರ ಸಾಮಾನಿನ ಜೊತೆ ಅದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಿದ್ದರು. ಫಳಫಳ ಹೊಳೆಯುತ್ತಿತ್ತು. ರೆಕ್ಕೆಯ ಗಿಲೀಟು ಹೋಗಿ ಬರೀ ಹಿತ್ತಾಳೆ ಉಳಿದಿತ್ತು. ‘ಎಷ್ಟು ಚೆನ್ನಾಗಾಯ್ತು ನೋಡಪ್ಪ’ ಅಂದರು ಆಕೆ ನನಗೆ. ಏನು ಹೇಳುವುದು? ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ, ಪಾಲಿಶ್ ಯಾವುದೂ ಬೇಡ. ಒಣ ಮೆದು ಬ್ರಶ್ ಸಾಕು. ಹಸಿರು ಕಿಲುಬು ಕಟ್ಟಿದ್ದರೆ ಬಿದಿರಿನ ಟೂತ್‌ಪಿಕ್ಕಿನಿಂದ ಮೆಲ್ಲಗೆ ಬಿಡಿಸಿ.

ಹಂತ 6: ಇಡುವುದು

ಮೆತ್ತನೆಯ ಪಿವಿಸಿ ಕವರ್ ಬೇಡ, ಅದರೊಳಗೆ ಅಂಟಂಟು ಕಿಲುಬು ಬರುತ್ತದೆ. ರಬ್ಬರ್ ಬ್ಯಾಂಡ್ ಹಾಕಿದರೆ ಬೆಳ್ಳಿ ಕಪ್ಪಾಗುತ್ತದೆ. ಒಗೆದ ಹತ್ತಿ ಬಟ್ಟೆ ಹಾಸಿದ ಡಬ್ಬಿ, ಒಂದು ಸಿಲಿಕಾ ಜೆಲ್ ಪೊಟ್ಟಣ. ಕರಾವಳಿಯವರು ಮಳೆಗಾಲದಲ್ಲಿ ಪೊಟ್ಟಣವನ್ನು ಆಗಾಗ ಬದಲಾಯಿಸಿ. ಪ್ರತಿಯೊಂದರ ಜೊತೆ ಚೀಟಿ ಇಡಿ: ಎಲ್ಲಿ ಸಿಕ್ಕಿತು, ಯಾವ ದಿನ, ಎಷ್ಟು ಕೊಟ್ಟಿರಿ, ಮಾರಿದವರು ಏನಂದರು. ಪೆನ್ಸಿಲಿನಲ್ಲೇ ಬರೆಯಿರಿ.