ಪೆರ್ಗೊಲೇಸಿಯ ‘ಸ್ತಾಬಾತ್ ಮಾತೆರ್’: ಆಲ್ಟೊ ಭಾಗವನ್ನು ನಾನು ಕಲಿತ ಬಗೆ

ಈ ಕೃತಿಗೆ ಹಾಡುವವರು ಇಬ್ಬರಿದ್ದರೆ ಸಾಕು: ಒಬ್ಬರು ಸೊಪ್ರಾನೊ (ಎತ್ತರದ ದನಿ), ಇನ್ನೊಬ್ಬರು ಆಲ್ಟೊ (ಅದಕ್ಕಿಂತ ತಗ್ಗಿನ ದನಿ). ಜೊತೆಗೆ ತಂತಿವಾದ್ಯಗಳು, ಒಂದು ಆರ್ಗನ್. ಯೇಸುವಿನ ಶಿಲುಬೆಯ ಬುಡದಲ್ಲಿ ನಿಂತ ತಾಯಿ ಮರಿಯಳ ದುಃಖವನ್ನು ಹೇಳುವ ಮಧ್ಯಯುಗದ ಲ್ಯಾಟಿನ್ ಪದ್ಯಕ್ಕೆ ಇಟಲಿಯ ಸಂಗೀತಕಾರ ಪೆರ್ಗೊಲೇಸಿ ನೇಪಲ್ಸಿನ ಧಾರ್ಮಿಕ ಸಂಘವೊಂದಕ್ಕಾಗಿ ಸಂಗೀತ ಕೂಡಿಸಿದ. 1736ರಲ್ಲಿ, ಇನ್ನೂ 26ರ ವಯಸ್ಸಿನಲ್ಲೇ ತೀರಿಕೊಂಡ.

ನಾನು ಕರ್ನಾಟಕ ಸಂಗೀತ ಕಲಿತು ಆಮೇಲೆ ಪಾಶ್ಚಾತ್ಯ ವೃಂದಗಾನಕ್ಕೆ ಬಂದವಳು. ಮೊದಲ ಭಾಗ ಎಫ್ ಮೈನರ್‌ನಲ್ಲಿದೆ; ನಮ್ಮ ಕಿವಿಗೆ ಕೀರವಾಣಿ ರಾಗ ಸುಳಿದಂತಾಗುತ್ತದೆ. ಆ ನಂಟನ್ನು ನೆಚ್ಚಿಕೊಂಡು ಹಾಡಿದರೆ ಕೆಟ್ಟಿತು. ಇಲ್ಲಿ ಕೆಲಸ ನಡೆಯುವುದು ಎರಡು ದನಿಗಳ ತಿಕ್ಕಾಟದಲ್ಲಿ. ಒಂದು ದನಿ ಸ್ವರ ಹಿಡಿದು ನಿಂತಿರುವಾಗ ಇನ್ನೊಂದು ಅದರ ಪಕ್ಕದ ಸ್ವರದಲ್ಲೇ ಬಂದು ಕೂರುತ್ತದೆ. ಹಿಡಿದವರು ಒಂದು ಮೆಟ್ಟಿಲು ಇಳಿದಾಗ ಬಿಗಿ ಸಡಿಲುತ್ತದೆ, ಅಷ್ಟರಲ್ಲಿ ಮತ್ತೆ ಬಿಗಿಯುತ್ತದೆ. ಕೆಳಗೆ ಬಾಸ್ (ವಾದ್ಯಗಳ ಮಂದ್ರದ ಸಾಲು) ಮಾತ್ರ ಇದಾವುದನ್ನೂ ಲೆಕ್ಕಿಸದೆ ಒಂದೇ ನಡೆಯಲ್ಲಿ ಹೆಜ್ಜೆ ಹಾಕುತ್ತಿರುತ್ತದೆ.

ಸೊಪ್ರಾನೊ ಭಾಗವನ್ನು ಗೆಳತಿಯಿಂದ ಹಾಡಿಸಿ ಮೊಬೈಲಿನಲ್ಲಿ ಇಟ್ಟುಕೊಂಡೆ. ಅದನ್ನು ಹಾಕಿಕೊಂಡು ನನ್ನ ಸಾಲನ್ನು ಪದಗಳಿಲ್ಲದೆ, ಬರೀ ಊಕಾರದಲ್ಲಿ, ತೀರ ವಿಳಂಬದಲ್ಲಿ ಹಾಡುತ್ತಿದ್ದೆ. ಗಮಕವಿಲ್ಲ, ಜಾರು ಇಲ್ಲ. ಸ್ವರಗಳು ಉಜ್ಜಿಕೊಂಡಾಗ ಅಪಸ್ವರವಾಯಿತೇನೋ ಎಂದು ಮನಸ್ಸು ಗೆಳತಿಯ ಸ್ವರದತ್ತ ಎಳೆಯುತ್ತದೆ. ಆಗ ಅವಳನ್ನು ಬಿಟ್ಟು ಬಾಸ್‌ಗೆ ಕಿವಿಗೊಡಬೇಕು. ತಂಬೂರಿ ಆ್ಯಪ್ ಇಲ್ಲಿ ಉಪಯೋಗಕ್ಕೆ ಬಾರದು. ಭಾಗದಿಂದ ಭಾಗಕ್ಕೆ ಆಧಾರ ಸ್ವರವೇ ಬದಲಾಗುತ್ತದೆ. ಕೀಬೋರ್ಡಿನಲ್ಲಿ ಎಡಗೈಯಿಂದ ಬಾಸ್ ಸಾಲನ್ನಷ್ಟೇ ನುಡಿಸಿಕೊಂಡು ಹಾಡಿದೆ. ತಿಕ್ಕುವ ಸ್ವರಕ್ಕೆ ಒತ್ತು, ಇಳಿದ ಸ್ವರ ಮೆದು ಎಂದು ಪುಟದ ಮೇಲೆಲ್ಲ ಪೆನ್ಸಿಲ್ ಗುರುತು ಹಾಕಿದೆ.

ಆಲ್ಟೊಗೆಂದೇ ಇರುವ ‘ಕ್ವೇ ಮೆರೇಬಾತ್’ ಬೇರೆಯೇ ತಕರಾರಿನದು. ತಾಯಿ ನೋಯುತ್ತ ನಡುಗುತ್ತಿದ್ದಾಳೆ ಎನ್ನುವ ಸಾಹಿತ್ಯ, ಆದರೆ ಈ-ಫ್ಲ್ಯಾಟ್ ಮೇಜರ್‌ನ ಲವಲವಿಕೆಯ ಧಾಟಿ. ಬೊಲೊನ್ಯಾದ ಸಂಗೀತ ವಿದ್ವಾಂಸ ಪಾದ್ರೆ ಮಾರ್ತಿನಿ ಈ ಕೃತಿಯ ಸಂಗೀತ ಪೆರ್ಗೊಲೇಸಿಯ ಹಾಸ್ಯ ಒಪೆರಾದಂತೆಯೇ ಇದೆಯೆಂದು ಆಕ್ಷೇಪಿಸಿದ್ದರು. ನನಗೆ ಆ ಆಕ್ಷೇಪ ಒಪ್ಪಿಗೆಯಿಲ್ಲ. ಬಾಖ್‌ನಂಥವನೇ ಇದೇ ಸಂಗೀತಕ್ಕೆ ಬೈಬಲಿನ 51ನೇ ಕೀರ್ತನೆಯ ಜರ್ಮನ್ ರೂಪವನ್ನು ಹೊಂದಿಸಿಕೊಂಡಿದ್ದಾನೆ. ಹಾಡುವವರು ಇಲ್ಲಿ ಅಳುವ ದನಿ ತರಬಾರದು. ತಾಳದ ಪೆಟ್ಟು ತಪ್ಪಿಸಿ ಬೀಳುವ ಸ್ವರಗಳನ್ನು ಚುರುಕಾಗಿ, ನೇರವಾಗಿ ಹಾಡಿದರೆ ಆ ಎಡವುನಡೆಯಲ್ಲೇ ನಡುಕ ಕೇಳಿಸುತ್ತದೆ.

ಉಸಿರಿನ ಲೆಕ್ಕವನ್ನು ಕೊನೆಯಿಂದ ಮೊದಲಿಗೆ ಹಾಕಿದೆ. ಕೊನೆಯಲ್ಲಿ ‘ಕ್ವಾಂದೋ ಕೋರ್ಪುಸ್’ ನಿಧಾನವಾಗಿ ಸಾಗಿ, ಒಮ್ಮೆಲೇ ‘ಆಮೆನ್’ ದ್ರುತಗತಿಯಲ್ಲಿ ನುಗ್ಗುತ್ತದೆ. ಅದಕ್ಕೆ ದನಿ ಉಳಿದಿರಬೇಕಾದರೆ ನಡುವೆ ಬರುವ, ಒಂದೇ ಸಾಲನ್ನು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ‘ಫಾಕ್ ಉತ್ ಆರ್ದೆಯಾತ್’ ಫ್ಯೂಗ್‌ನಲ್ಲಿ ಜಿಪುಣತನ ಮಾಡಲೇಬೇಕು. ಅಲ್ಲಿ ಗೆಳತಿಯ ದನಿ ಮೇಲೇರಲಿ ಎಂದು ಬಿಟ್ಟುಕೊಡುತ್ತೇನೆ.